ಅಪ್ಪನ ಅಲ್ಪವಿರಾಮಗಳು

ಅಪ್ಪ ಫೋನ್ ಮಾಡೋದು ಅಪರೂಪ. ಯಾವಾಗಲೂ ಅಮ್ಮನೇ ಮಾಡೋದು. ಊರಿನ ಸುದ್ದಿ, ಮದುವೆ ಸುದ್ದಿ, ತರಕಾರಿ ರೇಟು ಎಲ್ಲ ಮುಗಿದ ಮೇಲೆ "ತಗೋ, ನಿಮ್ಮಪ್ಪಂಗೆ ಕೊಡ್ತೀನಿ" ಅಂತಾರೆ. ಅಪ್ಪ "ಊಟ ಆಯ್ತಾ?" ಅಂತ ಕೇಳ್ತಾರೆ, ನಾನು "ಆಯ್ತು" ಅಂತೀನಿ. ಅಲ್ಲಿಗೆ ಮುಗೀತು. ಹಾಗಾಗಿ ಒಂದು ಶುಕ್ರವಾರ ಸಂಜೆ ಆಫೀಸಿನಲ್ಲಿ ಬ್ಯಾಗು ಎತ್ತಿಕೊಳ್ಳುತ್ತಿದ್ದಾಗ ಫೋನಿನಲ್ಲಿ "ಅಪ್ಪ" ಅಂತ ಬಂದಿದ್ದು ನೋಡಿ ಎದೆ ಧಸಕ್ಕೆಂದಿತು.

"ಪುಟ್ಟಿ, ಕಂಪ್ಯೂಟರ್ ಒಳಗೆ ಗಡಿಯಾರ ಇಟ್ಟಂಗೆ ಸದ್ದು ಬರ್ತಿದೆ ಕಣಮ್ಮ. ಟಿಕ್ ಟಿಕ್ ಅಂತ."

ಅಷ್ಟೇನಾ ಅಂತ ಮೊದಲು ಸಮಾಧಾನವಾಯಿತು. ಅಷ್ಟೇ ಅಲ್ಲ ಅಂತ ಗೊತ್ತಾಗಲು ಅರ್ಧ ನಿಮಿಷ ಬೇಕಾಯಿತು. ಆ ಕಂಪ್ಯೂಟರಿನಲ್ಲಿ ಇರೋದು ಅಪ್ಪನ ನಲವತ್ತು ವರ್ಷದ ಕೆಲಸ.

ಅಪ್ಪ ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಕೆಂಪು ಬಲ್ಬಿನ ಡಾರ್ಕ್‌ರೂಮು, ಹೈಪೋ ವಾಸನೆ, ಗೋಡೆಗೆ ಬರೆಸಿದ ಸರೋವರ ಮತ್ತು ಎರಡು ಹಂಸ, ಇದೆಲ್ಲ ನನ್ನ ಬಾಲ್ಯ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಪಾಸ್‌ಪೋರ್ಟ್ ಸೈಜಿಗೆ ಇಳಿಯಿತು, ಆಮೇಲೆ ಅದೂ ನಿಂತಿತು. ಶಟರ್ ಎಳೆಯುವ ಮುಂಚೆ ಅಪ್ಪ ಒಂದು ಕೆಲಸ ಮಾಡಿದ್ದರು. ಸ್ಕ್ಯಾನರ್ ಒಂದನ್ನು ಕೊಂಡು, ಹಳೆಯ ನೆಗೆಟಿವ್ ಒಂದೊಂದನ್ನೇ ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಹಾಕಿ, ಪ್ರತಿಯೊಂದಕ್ಕೂ ತಮ್ಮ ಕೈಯಾರೆ ಹೆಸರು ಕೊಟ್ಟಿದ್ದರು. ಕನ್ನಡದಲ್ಲಿ. ವರ್ಷಗಟ್ಟಲೆ ಮಾಡಿದ ಕೆಲಸ ಅದು. ನಾನು ಅದನ್ನು ಯಾವತ್ತೂ ಸರಿಯಾಗಿ ತೆರೆದು ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಹೊಸ ಹಾರ್ಡ್ ಡಿಸ್ಕ್ ತಗೊಂಡು ಯಶವಂತಪುರದಲ್ಲಿ ರೈಲು ಹತ್ತಿದೆ.

ಸಾಯುತ್ತಿರುವ ಡಿಸ್ಕಿನ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಒಳಗಿನ ಪುಟ್ಟ ತೋಳು ತನಗೆ ಬೇಕಾದ ಜಾಗ ಹುಡುಕುತ್ತದೆ, ಸಿಗುವುದಿಲ್ಲ, ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಅದೇ ಟಿಕ್ ಟಿಕ್. ಇಂಥ ಡಿಸ್ಕನ್ನು ಎಷ್ಟು ಕಡಿಮೆ ಓಡಿಸಿದರೆ ಅಷ್ಟು ಒಳ್ಳೆಯದು. ಒಂದೇ ಸಲ ಓದಿ, ಬೇಕಾದ್ದನ್ನೆಲ್ಲ ಎತ್ತಿಕೊಂಡು ಬಿಡಬೇಕು. ಹೊಸ ಡಿಸ್ಕಿನಲ್ಲಿ ನೀಟಾಗಿ ಒಂದು ಫೋಲ್ಡರ್ ಮಾಡಿದೆ: ಇ:\ಬ್ಯಾಕಪ್\ಅಪ್ಪನ ಸ್ಟುಡಿಯೋ ಫೋಟೋಗಳು\ಹಳೆಯ ಡಿಸ್ಕ್\. ಅಚ್ಚುಕಟ್ಟಾದ ಮಗಳು ನಾನು. ಕಾಪಿ ಮಾಡುವ ಪ್ರೋಗ್ರಾಂ ಶುರು ಮಾಡಿ, ಉಸಿರು ಬಿಗಿಹಿಡಿದು ಕೂತೆ.

ಅದು ನಡೆಯುತ್ತಿರುವಾಗಲೇ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಪಕ್ಕದ ಹಳ್ಳಿಯವರು. ತಲೆ ಬೋಳಿಸಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಮಾತಾಡಿದರು.

"ಅವ್ವ ಹೋಗ್ಬುಟ್ರು ಸಾಮಿ. ಹನ್ನೊಂದಕ್ಕೆ ಒಂದ್ ಪಟ ಇಡ್ಬೇಕು. ಮನೇಲಿ ಒಂದೂ ಇಲ್ಲ. ಆಧಾರ್ ಕಾರ್ಡಿನಾಗಿರೋದು ಅವ್ವನ ಥರ ಕಾಣಾಕಿಲ್ಲ."

ಅಪ್ಪ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ನಿಮ್ಮ ತಂಗಿ ಮದುವೇಲಿ ಗುಂಪು ಫೋಟೋ ತೆಗ್ದಿದ್ದೆ. 2006. ಹಿಂದಿನ ಸಾಲಲ್ಲಿ ನಿಂತಿದ್ರು. ಕತ್ತರಿಸಿ ದೊಡ್ಡದು ಮಾಡಿಕೊಡ್ತೀನಿ. ಸೋಮವಾರ ಬಾ."

ಇದು ಅಪ್ಪ ಎಷ್ಟೋ ವರ್ಷದಿಂದ ಮಾಡುತ್ತಿದ್ದ ಕೆಲಸ ಅಂತ ನನಗೆ ಗೊತ್ತಿತ್ತು, ಆದರೆ ಅದರ ತೂಕ ಗೊತ್ತಿರಲಿಲ್ಲ. ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಕ್ಯಾಮೆರಾ ಮುಂದೆ ನಿಂತ ಹೆಂಗಸರು ಎಷ್ಟೋ ಜನ ಇದ್ದಾರೆ. ಅದೂ ಯಾರದೋ ಮದುವೆಯಲ್ಲಿ, ಮೂರನೇ ಸಾಲಿನಲ್ಲಿ, ಸೆರಗು ಸರಿಮಾಡಿಕೊಳ್ಳುತ್ತಾ. ಅವರು ಹೋದ ಮೇಲೆ ಮನೆಯವರಿಗೆ ಉಳಿಯೋದು ಆ ಹೆಬ್ಬೆರಳಿನಷ್ಟು ಮುಖ.

ರಾತ್ರಿ ಒಂಬತ್ತಕ್ಕೆ ಕಾಪಿ ಮುಗಿಯಿತು. ಸುಮಾರು 38 ಸಾವಿರ ಫೈಲ್ ಬಂದಿದ್ದವು. ಕೊನೆಯಲ್ಲಿ ಒಂದು ಸಾಲು: 1,147 ಫೈಲುಗಳನ್ನು ಬಿಡಲಾಗಿದೆ, ಪಾತ್ ತುಂಬಾ ಉದ್ದ.

ನಾನು ಮಾಡಿದ ತಪ್ಪು ಆಗ ಹೊಳೆಯಿತು. ವಿಂಡೋಸ್‌ನಲ್ಲಿ ಒಂದು ಹಳೆಯ ಮಿತಿ ಇದೆ. ಡ್ರೈವ್ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನ ಕೊನೆಯವರೆಗೆ ಇಡೀ ಪಾತ್ 260 ಸಂಕೇತಗಳೊಳಗೆ ಇರಬೇಕು. ಕೊನೆಯ ಗುರುತಿಗೆ ಒಂದು ಹೋದರೆ ನಮಗೆ ಸಿಗೋದು 259. ಅನೇಕ ಪ್ರೋಗ್ರಾಂಗಳು ಇವತ್ತಿಗೂ ಆ ಗೆರೆ ದಾಟುವುದಿಲ್ಲ. ಹಳೆಯ ಡಿಸ್ಕಿನಲ್ಲಿ ಅಪ್ಪನ ಫೈಲುಗಳು ಆ ಮಿತಿಯೊಳಗೇ ಇದ್ದವು. ನಾನು ಅವುಗಳ ತಲೆಯ ಮೇಲೆ ನನ್ನ ಅಚ್ಚುಕಟ್ಟಾದ ಫೋಲ್ಡರ್ ಹೆಸರು ಹೇರಿದೆ. ಎಣಿಸಿ ನೋಡಿದೆ: ಮೊದಲಿದ್ದದ್ದಕ್ಕಿಂತ 43 ಸಂಕೇತ ಜಾಸ್ತಿ. ಅಷ್ಟಕ್ಕೆ 1,147 ಫೋಟೋಗಳು ಹೊರಗುಳಿದವು.

ಕನ್ನಡದಲ್ಲಿ ಹೆಸರಿಟ್ಟರೆ ಈ ಮಿತಿ ಇನ್ನೂ ಬೇಗ ಎದುರಾಗುತ್ತದೆ. "ಮೇಷ್ಟ್ರು" ಅನ್ನುವುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಎಂಟು: ಮ, ಏತ್ವ, ಷ, ವಿರಾಮ, ಟ, ವಿರಾಮ, ರ, ಕೊಂಬು. ಒತ್ತಕ್ಷರಕ್ಕೂ ಕೊಂಬಿಗೂ ಯೂನಿಕೋಡ್ ಬೇರೆ ಬೇರೆ ಲೆಕ್ಕ ಇಡುತ್ತದೆ. ಅಪ್ಪನ ಫೈಲುಗಳಲ್ಲಿ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದರು.

ಯಾಕೆಂದರೆ ಅಪ್ಪ ಫೋಟೋಗೆ ಹೆಸರಿಡುವುದು ಅಂದರೆ ಅದರಲ್ಲಿರುವ ಎಲ್ಲರ ಹೆಸರನ್ನೂ ಬರೆಯುವುದು. "ಕೂತವರು ಎಡದಿಂದ ಹೋಟೆಲ್ ರಾಯರು,ಅಂಚೆ ಮೇಷ್ಟ್ರು,ಗಿರಣಿ ಶೆಟ್ರು;ನಿಂತವರು ಎಡದಿಂದ ಶ್ಯಾನುಭೋಗರ ಮಗ,ಹೂವಿನ ಅಜ್ಜಿ" ಅಂತ ಹೋಗುತ್ತಲೇ ಇರುತ್ತದೆ. ಹಾಗಾಗಿ ಹೊರಗುಳಿದ 1,147 ಫೈಲುಗಳೆಲ್ಲ ಗುಂಪು ಫೋಟೋಗಳೇ. ಎಷ್ಟು ಜನ ಹೆಚ್ಚೋ ಅಷ್ಟು ಉದ್ದದ ಹೆಸರು. 2006ರ ಆ ಮದುವೆಯ ಫೋಟೋ ಕೂಡ ಅದರಲ್ಲೇ ಇತ್ತು.

ಡಿಸ್ಕನ್ನು ಆರಿಸಿದೆ. ಇನ್ನೊಂದು ಸಲ 39 ಸಾವಿರ ಫೈಲ್ ಓದುವ ಶಕ್ತಿ ಅದಕ್ಕಿಲ್ಲ ಅಂತ ಅದರ ಸದ್ದೇ ಹೇಳುತ್ತಿತ್ತು. ಆ 1,147ನ್ನು ಮಾತ್ರ ಕೇಳಬೇಕು. ಅದಕ್ಕೆ ಅವುಗಳ ಪಟ್ಟಿ ಬೇಕು. ಪಟ್ಟಿಯೇನೋ ಇತ್ತು. ಕಾಪಿ ಮಾಡುವ ಪ್ರೋಗ್ರಾಂ ತಾನು ಬಿಟ್ಟ ಫೈಲುಗಳ ಪಾತ್‌ಗಳನ್ನೆಲ್ಲ ಒಂದು ಟೆಕ್ಸ್ಟ್ ಫೈಲಿಗೆ ಬರೆದಿತ್ತು. ತೆಗೆದು ನೋಡಿದರೆ ಇಡೀ ಪಟ್ಟಿ ಒಂದೇ ಸಾಲು. ಒಂದು ಪಾತ್ ಮುಗಿದ ಕೂಡಲೇ ಕಾಮಾ, ಅದಕ್ಕಂಟಿಕೊಂಡು ಇನ್ನೊಂದು ಪಾತ್.

ಕಾಮಾ! ಅಪ್ಪನ ಫೈಲಿನ ಹೆಸರುಗಳ ತುಂಬಾ ಇರೋದೂ ಅದೇ ಕಾಮಾ.

ನಿಮ್ಮಲ್ಲಿ ಪ್ರೋಗ್ರಾಮಿಂಗ್ ಮಾಡದವರಿಗೆ ಒಂದೆರಡು ಮಾತು. ರೆಗ್ಯುಲರ್ ಎಕ್ಸ್‌ಪ್ರೆಶನ್, ಮುದ್ದಾಗಿ ರೆಜೆಕ್ಸ್, ಅಂದರೆ "ಇಂಥ ಆಕಾರದ ಅಕ್ಷರಗಳನ್ನು ಹುಡುಕು" ಅಂತ ಕಂಪ್ಯೂಟರಿಗೆ ಹೇಳುವ ಚಿಕ್ಕ ಭಾಷೆ. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1956ರಲ್ಲಿ ಇದರ ಬೀಜ ಬಿತ್ತಿದ್ದು ನರಗಳ ಜಾಲದ ಬಗ್ಗೆ ಬರೆದ ಒಂದು ಪ್ರಬಂಧದಲ್ಲಿ. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯದಲ್ಲಿ ಹುಡುಕುವುದಕ್ಕೆ ಬಳಸುವ ವಿಧಾನ ಪ್ರಕಟಿಸಿದರು. 1973ರ ಹೊತ್ತಿಗೆ ಯೂನಿಕ್ಸ್‌ನಲ್ಲಿ ಗ್ರೆಪ್ ಬಂತು. ನಾನು ಆಫೀಸಿನಲ್ಲಿ ದಿನಾ ಬಳಸುವ ಉಪಕರಣ ಇದು. ಲಕ್ಷಗಟ್ಟಲೆ ಸಾಲಿನ ಲಾಗ್ ಫೈಲುಗಳನ್ನು ತುಂಡರಿಸುವುದು ನನಗೆ ಈರುಳ್ಳಿ ಹೆಚ್ಚಿದಷ್ಟೇ ಸಲೀಸು. ಆದರೆ ಈರುಳ್ಳಿ ಹೆಚ್ಚುವಾಗಲೇ ಕಣ್ಣಲ್ಲಿ ನೀರು ಬರೋದು.

ಮೊದಲ ಯತ್ನ: ಕಾಮಾ ಕಂಡಲ್ಲೆಲ್ಲ ಕತ್ತರಿಸು. 1,147 ಬರಬೇಕಾದಲ್ಲಿ 20 ಸಾವಿರಕ್ಕೂ ಹೆಚ್ಚು ತುಂಡು ಬಂದವು. ಹೂವಿನ ಅಜ್ಜಿ ಒಂದು ಫೈಲು, ಗಿರಣಿ ಶೆಟ್ರು ಇನ್ನೊಂದು ಫೈಲು. ಜಾತ್ರೆಯಲ್ಲಿ ಕೈ ಬಿಟ್ಟುಹೋದ ಮಕ್ಕಳ ಹಾಗೆ ಎಲ್ಲರೂ ಒಬ್ಬೊಬ್ಬರೇ ನಿಂತಿದ್ದರು.

ಎರಡನೇ ಯತ್ನ: ಜೆಪಿಜಿ ಅನ್ನುವ ಬಾಲ ಬಂದು, ಅದರ ನಂತರ ಕಾಮಾ ಬಂದರೆ ಮಾತ್ರ ಕತ್ತರಿಸು. ಇದು ಹೆಚ್ಚುಕಡಿಮೆ ಸರಿ ಅನಿಸಿತು. ಎಣಿಸಿದರೆ 1,089. ಎಲ್ಲೋ 58 ಸೇರಿಕೊಂಡಿವೆ. ನೋಡಿದರೆ ಕೆಲವು ಫೈಲುಗಳ ಬಾಲ ದೊಡ್ಡಕ್ಷರದಲ್ಲಿತ್ತು, ಹಳೆಯ ನೆಗೆಟಿವ್‌ಗಳದ್ದು ಟಿಫ್ ಇತ್ತು. ಒಂದೊಂದನ್ನೇ ಪಟ್ಟಿಗೆ ಸೇರಿಸುತ್ತಾ ಹೋಗಬಹುದು. ಆದರೆ ಇನ್ನೂ ಯಾವ ಬಾಲ ಇದೆಯೋ ಯಾರಿಗೆ ಗೊತ್ತು?

ಹನ್ನೊಂದು ಗಂಟೆಯಾಗಿತ್ತು. ಅಪ್ಪ ಇನ್ನೂ ಮಲಗಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯಲ್ಲಿ ಐಸಿಯು ಮುಂದೆ ಕೂತವರ ಹಾಗೆ ಕೂತಿದ್ದರು. ನನಗೆ ಸಿಟ್ಟು ಬಂತು. ಸುಸ್ತಾದಾಗ ನಮ್ಮವರ ಮೇಲೇ ಬರುತ್ತದಲ್ಲ, ಆ ಸಿಟ್ಟು.

"ಯಾಕಪ್ಪಾ ಇಷ್ಟುದ್ದ ಹೆಸರು? ಇಷ್ಟೊಂದು ಕಾಮಾ ಯಾರಾದ್ರೂ ಹಾಕ್ತಾರಾ ಫೈಲಿಗೆ? ಗ್ರೂಪ್ ಒಂದು, ಗ್ರೂಪ್ ಎರಡು ಅಂತ ಇಟ್ಟಿದ್ರೆ ಆಗ್ತಿರ್ಲಿಲ್ವಾ? ಉಳಿಸಿಕೊಂಡ ಮೇಲೆ ಈ ಕಾಮಾ ಎಲ್ಲಾ ತೆಗೆದುಹಾಕ್ತೀನಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸ್ರು ನೀನು ಏನಾದ್ರೂ ಇಟ್ಕೋ," ಅಂದರು. "ಕಾಮಾ ತೆಗೀಬೇಡ. ಅದು ತೆಗೆದ್ರೆ ಯಾರು ಯಾರ ಪಕ್ಕ ನಿಂತಿದ್ರು ಅಂತ ಗೊತ್ತಾಗಲ್ಲ."

ಆಗ ನಾನು ಆ ಹೆಸರುಗಳನ್ನು ಮೊದಲ ಸಲ ಓದಿದೆ. ಅಲ್ಲಿಯವರೆಗೆ ನೋಡಿದ್ದೆ, ಓದಿರಲಿಲ್ಲ. ಬ್ಯಾಕ್‌ಸ್ಲ್ಯಾಶ್ ಬಂದರೆ ವರ್ಷ ಮತ್ತು ಸಮಾರಂಭ. ಅರ್ಧವಿರಾಮ ಬಂದರೆ ಒಂದು ಸಾಲು ಮುಗಿದು ಹಿಂದಿನ ಸಾಲು ಶುರು. ಅಲ್ಪವಿರಾಮ ಬಂದರೆ ಒಬ್ಬರು ಮುಗಿದು ಪಕ್ಕದವರು. ಹೈಸ್ಕೂಲಿನ ವ್ಯಾಕರಣದಲ್ಲಿ ಕಲಿತ ಲೇಖನ ಚಿಹ್ನೆಗಳನ್ನು ಇಟ್ಟುಕೊಂಡು ಅಪ್ಪ ಒಂದು ಡೇಟಾಬೇಸ್ ಕಟ್ಟಿದ್ದರು. 38 ಸಾವಿರ ದಾಖಲೆ. ನಾವು ಆಫೀಸಿನಲ್ಲಿ ಇಂಥದ್ದಕ್ಕೆ ಮೂರು ಮೀಟಿಂಗ್ ಮಾಡಿ ಒಂದು ಹೆಸರಿಡುತ್ತೇವೆ.

ಆಮೇಲೆ ಪರಿಹಾರ ಹೊಳೆದದ್ದು ಬೇರೆ ದಿಕ್ಕಿನಿಂದ. ಕಾಮಾದ ಹಿಂದೆ ಏನಿದೆ ಅಂತ ನೋಡುತ್ತಿದ್ದೆ, ಮುಂದೆ ಏನಿದೆ ಅಂತ ನೋಡಬೇಕಿತ್ತು. ವಿಂಡೋಸ್‌ನಲ್ಲಿ ಫೈಲಿನ ಹೆಸರಿನೊಳಗೆ ಒಂಬತ್ತು ಚಿಹ್ನೆಗಳಿಗೆ ಪ್ರವೇಶ ಇಲ್ಲ: \ / : * ? " < > | ಇಷ್ಟು. ಅಪ್ಪ ಹೆಸರಿನಲ್ಲಿ ಏನು ಬೇಕಾದರೂ ಬರೆದಿರಬಹುದು, ಆದರೆ ಕೋಲನ್ ಮತ್ತು ಬ್ಯಾಕ್‌ಸ್ಲ್ಯಾಶ್ ಬರೆದಿರಲು ಸಾಧ್ಯವೇ ಇಲ್ಲ. ಹಾಗಾದರೆ "ಡಿ:\" ಎಂಬ ಮೂರು ಸಂಕೇತ ಒಟ್ಟಿಗೆ ಬರೋದು ಹೊಸ ಪಾತ್ ಶುರುವಾಗುವಾಗ ಮಾತ್ರ. ಯಾವ ಕಾಮಾದ ಮುಂದೆ ಅದು ಇದೆಯೋ ಅದೇ ಪಟ್ಟಿಯ ಕಾಮಾ. ಉಳಿದದ್ದೆಲ್ಲ ಅಪ್ಪನ ಕಾಮಾ.

ರೆಜೆಕ್ಸ್‌ನಲ್ಲಿ ಇದಕ್ಕೆ ಲುಕ್‌ಅಹೆಡ್ ಅಂತಾರೆ. ಮುಂದೆ ಏನಿದೆ ಅಂತ ಇಣುಕಿ ನೋಡು, ಆದರೆ ಅದನ್ನು ಮುಟ್ಟಬೇಡ. ಬರೆಯೋದು ಹೀಗೆ:

,(?=ಡಿ:\\)

ಅಲ್ಲಿ ಡಿ ಅಂದರೆ ಇಂಗ್ಲಿಷಿನ ಡಿ. ಬ್ಯಾಕ್‌ಸ್ಲ್ಯಾಶ್ ಎರಡಿರುವುದು ಯಾಕೆಂದರೆ ರೆಜೆಕ್ಸ್‌ನಲ್ಲಿ ಅದಕ್ಕೆ ಬೇರೆ ಕೆಲಸ ಇದೆ. "ನಿಜವಾದ ಬ್ಯಾಕ್‌ಸ್ಲ್ಯಾಶನ್ನೇ ಹುಡುಕು" ಅನ್ನಬೇಕಾದರೆ ಎರಡು ಸಲ ಬರೆಯಬೇಕು. ಈ ಗೋಜಲಿಗೂ ಒಂದು ಹಳೆಯ ಕಾರಣ ಇದೆ. ಯೂನಿಕ್ಸ್‌ನಲ್ಲಿ ಫೋಲ್ಡರುಗಳ ನಡುವೆ ಮುಂದಕ್ಕೆ ವಾಲಿದ ಸ್ಲ್ಯಾಶ್ ಇತ್ತು. 1983ರಲ್ಲಿ ಎಂಎಸ್-ಡಾಸ್ 2.0 ಜೊತೆ ಡಾಸ್‌ಗೆ ಫೋಲ್ಡರುಗಳು ಬಂದಾಗ, ಅಲ್ಲಿ ಆ ಸ್ಲ್ಯಾಶ್ ಆಗಲೇ ಆಜ್ಞೆಗಳ ಆಯ್ಕೆಗಳಿಗೆ ಬಳಕೆಯಾಗಿಹೋಗಿತ್ತು. ಸೀಟು ಖಾಲಿ ಇಲ್ಲ. ಹಾಗಾಗಿ ಹಿಂದಕ್ಕೆ ವಾಲಿದ್ದನ್ನು ತೆಗೆದುಕೊಂಡರು. ಅದರ ಬಾಡಿಗೆಯನ್ನು ನಾವು ಇವತ್ತಿಗೂ ಕಟ್ಟುತ್ತಿದ್ದೇವೆ.

ಓಡಿಸಿದೆ. 1,147.

ಲೆಕ್ಕ ಕೂಡಿದಾಗ ಆಗುವ ಸಂತೋಷ ಲೆಕ್ಕ ಮಾಡುವವರಿಗಷ್ಟೇ ಗೊತ್ತು. ಹೊಸ ಡಿಸ್ಕಿನಲ್ಲಿ ಈ ಸಲ ಒಂದೇ ಅಕ್ಷರದ ಫೋಲ್ಡರ್ ಮಾಡಿದೆ: ಇ:\ಅ\. ಅಪ್ಪನ ಹೆಸರುಗಳ ಮೇಲೆ ನನ್ನ ಅಚ್ಚುಕಟ್ಟು ಹೇರದ ಹಾಗೆ. ಆದರೂ ಎರಡು ಸಂಕೇತ ಜಾಸ್ತಿಯಾಗುತ್ತವಲ್ಲ ಅಂತ ಒಂದು ಕ್ಷಣ ಹೆದರಿ, ಎಲ್ಲಕ್ಕಿಂತ ಉದ್ದದ ಪಾತ್ ಹುಡುಕಿ ಎಣಿಸಿದೆ: 251. ಎರಡು ಸೇರಿಸಿದರೂ ಜಾಗ ಇದೆ. ಹಳೆಯ ಡಿಸ್ಕ್ ಆನ್ ಮಾಡಿ, ಆ 1,147ನ್ನು ಮಾತ್ರ ಕೇಳಿದೆ. ಟಿಕ್ ಟಿಕ್ ನಡುವೆಯೇ ಒಂದೊಂದಾಗಿ ಬಂದವು. ಐದು ಬರಲಿಲ್ಲ. ಅವುಗಳ ಜಾಗದಲ್ಲೇ ಡಿಸ್ಕ್ ಕೆಟ್ಟಿತ್ತು. 2006ರ ಮದುವೆ ಬಂತು. ಹಿಂದಿನ ಸಾಲು, ಎಡದಿಂದ ಏಳನೆಯವರು. ಸೆರಗು ತಲೆ ಮೇಲಿತ್ತು, ನಗುತ್ತಿದ್ದರು.

ಸೋಮವಾರ ಆ ಮಗ ಬಂದು ಪಟ ತಗೊಂಡು ಹೋದರಂತೆ. ನಾನು ಅಷ್ಟೊತ್ತಿಗೆ ಬೆಂಗಳೂರಿನಲ್ಲಿದ್ದೆ. "ದುಡ್ಡು ಎಷ್ಟು ತಗೊಂಡ್ರಿ?" ಅಂತ ಕೇಳಿದೆ. "ಅಂಥದ್ದಕ್ಕೆಲ್ಲಾ ದುಡ್ಡು ತಗೋತಾರಾ" ಅಂದರು ಅಪ್ಪ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ.

ಉಳಿಸಿಕೊಂಡಾಯಿತು, ಇನ್ನು ಅಪ್ಪನಿಗೆ ಒಂದು ಉಡುಗೊರೆ ಕೊಡೋಣ ಅನಿಸಿತು. ಒಬ್ಬರ ಹೆಸರು ಹೊಡೆದರೆ ಅವರು ಯಾವ ಯಾವ ಫೋಟೋದಲ್ಲಿ, ಯಾವ ಸಾಲಿನಲ್ಲಿ, ಎಡದಿಂದ ಎಷ್ಟನೆಯವರು ಅಂತ ತೋರಿಸುವ ಒಂದು ಸಣ್ಣ ಪುಟ. ಪಾತ್‌ಗಳನ್ನು ಬಿಡಿಸಿದ್ದಾಯಿತು, ಈಗ ಹೆಸರುಗಳನ್ನು ಬಿಡಿಸಬೇಕು. ಸಂಧಿ ಬಿಡಿಸಿದ ಹಾಗೆ.

ಎಲ್ಲರೂ ಮಾಡುವ ಹಾಗೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹಾಕಿದೆ. "ಪದದ ಅಕ್ಷರಗಳು" ಅಂತ ಅದರ ಅರ್ಥ. ಪೈಥಾನ್ ಭಾಷೆಯ ಜೊತೆ ಬರುವ ರೆಜೆಕ್ಸ್‌ಗೆ ನಮ್ಮ ಕಾಗುಣಿತ ಗೊತ್ತಿಲ್ಲ. ಕ, ಮ, ರ ಅದಕ್ಕೆ ಅಕ್ಷರ. ಕೊಂಬು, ಏತ್ವ, ಒತ್ತು ಯಾವುದೂ ಅಕ್ಷರ ಅಲ್ಲ. ಮೇಷ್ಟ್ರು ಹೋಗಿ ಮ, ಷ, ಟ, ರ ಅಂತ ನಾಲ್ಕು ತುಂಡಾದರು. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಬರೆದ ಹಾಗೆ. ಸರಿ, ಅಕ್ಷರ ಯಾವುದು ಅಂತ ಹೇಳುವುದು ಬೇಡ, ಅಕ್ಷರ ಅಲ್ಲದ್ದು ಯಾವುದು ಅಂತ ಹೇಳೋಣ ಅಂತ ಹೀಗೆ ಬರೆದೆ:

[^,;]+

ಕಾಮಾ ಮತ್ತು ಅರ್ಧವಿರಾಮ ಬಿಟ್ಟು ಉಳಿದದ್ದು, ಒಂದು ಅಥವಾ ಹೆಚ್ಚು. ಚೆನ್ನಾಗಿ ಕೆಲಸ ಮಾಡಿತು. ಭಾನುವಾರ ಇಡೀ ಕೂತು ಪುಟ ಮುಗಿಸಿದೆ. ಪರೀಕ್ಷೆಗೆ ನಮ್ಮದೇ ಮನೆಯ ಫೋಟೋ ತೆಗೆದೆ. 1994, ನಮ್ಮ ಮನೆಯ ಗೃಹಪ್ರವೇಶ. ಬಾಳೆಕಂದಿನ ಮುಂದೆ ಎಲ್ಲರೂ ನಿಂತಿದ್ದಾರೆ. ಒಂದನೆಯವರು ಅಜ್ಜಿ, ಸರಿ. ಎರಡು ದೊಡ್ಡಪ್ಪ, ಸರಿ. ಮೂರು ದೊಡ್ಡಮ್ಮ, ಸರಿ. ನಾಲ್ಕನೆಯ ಮುಖದ ಮೇಲೆ ಪುಟ ತೋರಿಸಿದ್ದು "ಇವಳು" ಅಂತ.

ಅಪ್ಪನ ಭಾಷೆಯಲ್ಲಿ "ಇವಳು" ಅಂದರೆ ನಮ್ಮಮ್ಮ. ಆ ನಾಲ್ಕನೆಯ ಮುಖಕ್ಕೆ ಮೀಸೆ ಇತ್ತು.

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಆ ಮೀಸೆ ಚಿಕ್ಕಪ್ಪನದು.

ಫೈಲಿನ ಹೆಸರು ನೋಡಿದೆ. "ಎಡದಿಂದ ಅವ್ವ,ಅಣ್ಣ,ಅತ್ತಿಗೆ,,ಇವಳು,ಪುಟ್ಟಿ". ಅತ್ತಿಗೆಯ ನಂತರ ಎರಡು ಕಾಮಾ. ನಡುವೆ ಏನೂ ಇಲ್ಲ.

ಚಿಕ್ಕಪ್ಪನಿಗೂ ಅಪ್ಪನಿಗೂ ಮಾತು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ತೋಟದ ಪಾಲಿನ ವಿಷಯ. ಎಷ್ಟು ತೆಂಗಿನ ಮರ ಯಾರಿಗೆ ಅಂತ ಶುರುವಾದದ್ದು, ಅಜ್ಜಿಯ ತಿಥಿಗೂ ಬೇರೆ ಬೇರೆ ಎಲೆ ಹಾಕುವಲ್ಲಿಗೆ ಮುಟ್ಟಿತು. ಚಿಕ್ಕಪ್ಪ ಶಿವಮೊಗ್ಗಕ್ಕೆ ಹೋದರು. ನಮ್ಮ ಮನೆಯಲ್ಲಿ ಅವರ ಹೆಸರು ಎತ್ತುವ ಹಾಗಿಲ್ಲ. ನನ್ನನ್ನು ಸೈಕಲ್ ಮುಂದಿನ ಕಂಬಿ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸಿದವರು ಅವರು.

ಅಪ್ಪ ಅವರ ಹೆಸರು ಬರೆದಿರಲಿಲ್ಲ. ಆದರೆ ಕಾಮಾ ಹಾಕಿದ್ದರು.

ನನ್ನ ರೆಜೆಕ್ಸ್ ಆ ಜಾಗವನ್ನೇ ನುಂಗಿಹಾಕಿತ್ತು. ಯಾಕೆಂದರೆ ಆ ಪ್ಲಸ್ ಚಿಹ್ನೆಯ ಅರ್ಥ "ಕನಿಷ್ಠ ಒಂದು". ಏನೂ ಇಲ್ಲದ ಜಾಗ ಅದರ ಲೆಕ್ಕಕ್ಕೆ ಬರುವುದಿಲ್ಲ. ಕ್ಲೀನಿಯ ಹೆಸರಿನ ನಕ್ಷತ್ರ ಚಿಹ್ನೆ ಇದೆಯಲ್ಲ, ಅದರ ಅರ್ಥ "ಸೊನ್ನೆ ಅಥವಾ ಹೆಚ್ಚು". ಖಾಲಿಯೂ ಒಂದು ಸಂಗತಿ ಅಂತ ಅದು ಒಪ್ಪಿಕೊಳ್ಳುತ್ತದೆ. ಇಷ್ಟು ವರ್ಷ ಇದನ್ನು ಇಂಟರ್‌ವ್ಯೂಗಳಲ್ಲಿ ಬೇರೆಯವರಿಗೆ ಪ್ರಶ್ನೆಯಾಗಿ ಕೇಳಿದ್ದೇನೆ. ನಾನು ಮಾತ್ರ ಯಾವ ಕೋಡ್ ಬರೆದರೂ ಖಾಲಿ ಬಂದ ತುಂಡುಗಳನ್ನು ಮೊದಲು ಗುಡಿಸಿ ಎಸೆಯುವುದೇ ಅಭ್ಯಾಸ. ಕಸ ಅಂತ. ಖಾಲಿ ಜಾಗ ಎಸೆದ ಕೂಡಲೇ ಅದರ ಬಲಗಡೆ ಇದ್ದವರೆಲ್ಲ ಒಂದೊಂದು ಹೆಜ್ಜೆ ಎಡಕ್ಕೆ ಸರಿದರು. ಅಮ್ಮನಿಗೆ ಮೀಸೆ ಬಂತು, ನಾನು ಅಮ್ಮನಾದೆ, ಪುಟ್ಟಿ ಎನ್ನುವವಳೇ ಇಲ್ಲವಾದಳು. ಒಬ್ಬನನ್ನು ತೆಗೆದರೆ ಅವನೊಬ್ಬನೇ ಹೋಗುವುದಿಲ್ಲ.

ಇನ್ನೂ ಎಷ್ಟು ಕಡೆ ಹೀಗಿದೆ ಅಂತ ಜೋಡಿ ಕಾಮಾ ಹುಡುಕಿದೆ. 63 ಫೋಟೋಗಳಲ್ಲಿದ್ದವು. ಅಪ್ಪನಿಗೆ ಫೋನ್ ಮಾಡಿದೆ. ನಾನೇ, ನೇರವಾಗಿ ಅಪ್ಪನಿಗೆ.

"ಅಪ್ಪಾ, ಕೆಲವು ಹೆಸರಲ್ಲಿ ಎರಡೆರಡು ಕಾಮಾ ಇದೆ. ಕೈ ತಪ್ಪಿ ಬಿದ್ದಿದ್ದಾ?"

"ಇಲ್ಲ ಕಣಮ್ಮ. ಅಲ್ಲಿ ಒಬ್ರು ನಿಂತಿರ್ತಾರೆ. ಹೆಸರು ಗೊತ್ತಿರಲ್ಲ. ಕೇಳೋಕೆ ಆಗಿರಲ್ಲ. ಗೊತ್ತಿಲ್ಲ ಅಂತ ಬಿಟ್ಬಿಟ್ರೆ ಪಕ್ಕದೋರ ಲೆಕ್ಕ ತಪ್ಪೋಗತ್ತಲ್ಲ. ಅದಕ್ಕೆ ಜಾಗ ಬಿಟ್ಟಿರೋದು. ಯಾರಾದ್ರೂ ಬಂದು ಇದು ನಮ್ಮಜ್ಜ ಅಂದ್ರೆ ಬರ್ಕೊಳ್ಳೋಣ ಅಂತ."

"ಎಲ್ಲಾ ಕಡೆ ಹೆಸರು ಗೊತ್ತಿಲ್ಲದೇ ಬಿಟ್ಟಿರೋದೇನಾ?"

ಆ ಕಡೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

"ಊಟ ಆಯ್ತಾ?" ಅಂದರು ಅಪ್ಪ.

"ಆಯ್ತು."

ನಾನು ಪ್ಲಸ್ ತೆಗೆದು, ಕಾಮಾ ಇದ್ದಲ್ಲಿ ಸರಿಯಾಗಿ ಬಿಡಿಸಿ, ಖಾಲಿ ಬಂದರೆ ಖಾಲಿಯಾಗಿಯೇ ಉಳಿಸಿಕೊಳ್ಳುವ ಹಾಗೆ ತಿದ್ದಿದೆ. ಪುಟದಲ್ಲಿ ಈಗ ನಾಲ್ಕನೆಯ ಮುಖದ ಮೇಲೆ ಏನೂ ಬರುತ್ತಿರಲಿಲ್ಲ. ಒಂದು ಖಾಲಿ ಚೌಕ. ಅಮ್ಮ ಅಮ್ಮನ ಜಾಗಕ್ಕೆ ವಾಪಸ್ ಬಂದರು, ನಾನು ನನ್ನ ಜಾಗಕ್ಕೆ. ಚಿಕ್ಕಪ್ಪನ ಹೆಸರನ್ನು ನಾನೇ ತುಂಬಬಹುದಿತ್ತು, ಎರಡು ಸೆಕೆಂಡಿನ ಕೆಲಸ. ಕೈ ಹೋಗಲಿಲ್ಲ. ಆ ಜಾಗ ಬಿಟ್ಟವರೇ ತುಂಬಬೇಕು ಅನಿಸಿತು.

ಮೂರು ವಾರ ಬಿಟ್ಟು ಮತ್ತೆ ಊರಿಗೆ ಹೋದೆ. ಹಳೆಯ ಡಿಸ್ಕ್ ಅಷ್ಟೊತ್ತಿಗೆ ಪೂರ್ತಿ ಸುಮ್ಮನಾಗಿತ್ತು. ಅಪ್ಪ ಹೊಸ ಡಿಸ್ಕಿನಲ್ಲೇ ಕೆಲಸ ಮಾಡುತ್ತಿದ್ದರು. ಎಲ್ಲ ಫೈಲು ಸುರಕ್ಷಿತವಾಗಿದೆಯಾ ಅಂತ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪಟ್ಟಿಯನ್ನೂ ಡಿಸ್ಕಿನಲ್ಲಿದ್ದದ್ದನ್ನೂ ತಾಳೆ ನೋಡಿದೆ. ಕಳೆದುಹೋದ ಆ ಐದನ್ನು ಬಿಟ್ಟರೆ ಒಂದೇ ಒಂದು ವ್ಯತ್ಯಾಸ ಬಂತು. ಪಟ್ಟಿಯಲ್ಲಿರುವ ಒಂದು ಫೈಲು ಡಿಸ್ಕಿನಲ್ಲಿಲ್ಲ, ಡಿಸ್ಕಿನಲ್ಲಿರುವ ಒಂದು ಫೈಲು ಪಟ್ಟಿಯಲ್ಲಿಲ್ಲ. ಅಂದರೆ ಯಾರೋ ಒಂದು ಫೈಲಿನ ಹೆಸರು ಬದಲಾಯಿಸಿದ್ದಾರೆ. ಹೊಸ ಪಾತ್ ಹಳೆಯದಕ್ಕಿಂತ ನಾಲ್ಕು ಸಂಕೇತ ಉದ್ದ.

1994, ಗೃಹಪ್ರವೇಶ. "ಎಡದಿಂದ ಅವ್ವ,ಅಣ್ಣ,ಅತ್ತಿಗೆ,ತಮ್ಮ,ಇವಳು,ಪುಟ್ಟಿ".

ತ, ಮ, ವಿರಾಮ, ಮ. ನಾಲ್ಕು.

ನಾನು ಏನೂ ಹೇಳಲಿಲ್ಲ. ಅಪ್ಪ ಹೊರಗೆ ತೆಂಗಿನ ಗರಿ ಎಳೆದು ಹಾಕುತ್ತಿದ್ದರು. ಭಾನುವಾರ ಸಂಜೆ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದವರು, ರೈಲು ಬರುವ ಸದ್ದು ಕೇಳಿದ ಮೇಲೆ, ಹಳಿಯ ಕಡೆ ನೋಡುತ್ತಾ ಹೇಳಿದರು.

"ಬೆಂಗಳೂರಲ್ಲಿ ಒಳ್ಳೆ ಪ್ರಿಂಟ್ ಹಾಕ್ತಾರಲ್ಲ, ಆ ಗೃಹಪ್ರವೇಶದ ಫೋಟೋ ಹಾಕಿಸ್ಕೊಂಡ್ ಬಾ. ಹತ್ತು-ಹನ್ನೆರಡು ಸೈಜು. ಮ್ಯಾಟ್ ಫಿನಿಶ್."

"ಆಯ್ತಪ್ಪ."

"ಎರಡು ಕಾಪಿ."